ಹಿನ್ನೋಟದ ಪುಟ ಮತ್ತು ನನ್ನ ಟಿಕೆಟ್ ಯಂತ್ರ

ಮಾನ್ಯ ಸಂಪಾದಕರೇ,

ಡಿಸೆಂಬರ್ 31ರ ನಿಮ್ಮ ಪತ್ರಿಕೆಯ 2023ರ ಹಿನ್ನೋಟದ ಪುಟವನ್ನು ಎರಡು ಕಂತಿನಲ್ಲಿ ಓದಿದೆ. ಅರ್ಧ ಬೇಲೂರು ನಿಲ್ದಾಣದಲ್ಲಿ ಬಸ್ ನಿಂತಿದ್ದಾಗ, ಉಳಿದರ್ಧ ಹಾಸನಕ್ಕೆ ಮರಳಿ ಚಹಾ ಕುಡಿಯುವಾಗ. ಪತ್ರಿಕೆ ನನ್ನದಲ್ಲ, ಪ್ರಯಾಣಿಕರೊಬ್ಬರು ಸೀಟಿನ ಮೇಲೆ ಬಿಟ್ಟುಹೋದದ್ದು. ಈ ಮಾರ್ಗದಲ್ಲಿ ನಾನು ಹನ್ನೊಂದು ವರ್ಷದಿಂದ ನಿರ್ವಾಹಕಿ.

ಪುಟದಲ್ಲಿ ತಪ್ಪೇನೂ ಇಲ್ಲ. ಮೇ 10ರ ಮತದಾನ, ಕಾಂಗ್ರೆಸ್ಸಿನ 135 ಸ್ಥಾನ, ಚಂದ್ರಯಾನ, ಬರ, ವಿಶ್ವಕಪ್ ಫೈನಲ್ಲಿನ ಸೋಲು, ಡಿಸೆಂಬರಿನಲ್ಲಿ ನಾಲ್ಕು ದಿನದ ಅಂತರದಲ್ಲಿ ನಾವು ಕಳೆದುಕೊಂಡ ಆನೆ ಅರ್ಜುನ ಮತ್ತು ನಟಿ ಲೀಲಾವತಿ, ಎಲ್ಲವೂ ಇವೆ. ನನ್ನ ತಕರಾರು ಜೂನ್ 11ಕ್ಕೆ ಸಂಬಂಧಿಸಿದ್ದು. ಅಂದು ಶುರುವಾದ, ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆಗೆ ನೀವು ಕೊಟ್ಟಿದ್ದು ಅಂಗೈಯಗಲದ ಒಂದು ಚಿತ್ರ. ಬಸ್ಸಿನ ಬಾಗಿಲಲ್ಲಿ ಹೆಂಗಸರ ಬೆನ್ನುಗಳು, ಅಡಿಯಲ್ಲಿ ‘ನೂಕುನುಗ್ಗಲು’. ನಾನು ಆ ಬಾಗಿಲ ಒಳಗೆ ನಿಲ್ಲುವವಳು. ನನಗೆ ಕಾಣುವುದು ಬೆನ್ನಲ್ಲ, ಮುಖ.

ನೂಕುನುಗ್ಗಲು ಸುಳ್ಳೆಂದು ಹೇಳುತ್ತಿಲ್ಲ. ಮೊದಲ ತಿಂಗಳು ರಾತ್ರಿ ಮನೆಗೆ ಹೋದರೆ ಭುಜ ಎತ್ತಲಾಗುತ್ತಿರಲಿಲ್ಲ. ಟಿಕೆಟ್ ಕಾಗದದ ಸುರುಳಿ ಅರ್ಧದಾರಿಯಲ್ಲಿ ಮುಗಿಯುತ್ತಿತ್ತು. ಉಚಿತವಾದರೂ ಟಿಕೆಟ್ ಹರಿಯಲೇಬೇಕು. ಆ ಶೂನ್ಯ ಟಿಕೆಟ್ಟಿನ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡುವುದು. ‘ಸೊನ್ನೆಗೂ ಕಾಗದ ದಂಡವೇ’ ಎಂದು ಗೊಣಗಿದ ಗಂಡಸರಿಗೆಲ್ಲ ಇದನ್ನು ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿದೆ.

ಆದರೆ ಆ ವರ್ಷ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಟಿಕೆಟ್ ಕೊಡುವ ಮುನ್ನ ಗುರುತಿನ ಚೀಟಿ ನೋಡಬೇಕು, ಹೆಚ್ಚಿನವರು ತೋರಿಸುವುದು ಆಧಾರ್ ಕಾರ್ಡ್. ನೋಡಿದರೆ ಹೆಸರು ಕಾಣುತ್ತದೆ. ಹನ್ನೊಂದು ವರ್ಷ ನನ್ನ ಬಸ್ಸಿನಲ್ಲಿ ಓಡಾಡಿದ ಹೆಂಗಸರ ಹೆಸರುಗಳು ನನಗೆ ಗೊತ್ತಾದದ್ದು 2023ರ ಜೂನಿನಲ್ಲಿ! ಅಲ್ಲಿಯವರೆಗೆ ಅವರು ನನ್ನ ಪಾಲಿಗೆ ಹಾಲಿನ ಕ್ಯಾನಿನವರು, ಹೂವಿನ ಬುಟ್ಟಿಯವರು, ಮೇಷ್ಟ್ರ ಮನೆಯವರು, ಗಾರ್ಮೆಂಟ್ಸಿನ ಹುಡುಗಿ. ಹಾಲಿನ ಕ್ಯಾನಿನವರ ಹೆಸರು ಒಂದು ನದಿಯದು. ಸದಾ ಜಗಳ ತೆಗೆಯುವ ಹೂವಿನವರ ಹೆಸರಿನ ಅರ್ಥ ಶಾಂತಿ. ಅದನ್ನು ಓದಿ ನನಗೆ ನಗು ತಡೆಯಲಾಗಲಿಲ್ಲ, ಪುಣ್ಯಕ್ಕೆ ಅವರೂ ನಕ್ಕರು. ಆ ಕಾರ್ಡಿನಲ್ಲಿ ಗಂಡನ ಹೆಸರು ವಿಳಾಸದ ಜೊತೆ ಹಿಂಬದಿಗೆ ಹೋಗಿರುತ್ತದೆ. ಮುಂಬದಿಯಲ್ಲಿ ಮುಖ ಮತ್ತು ಅವರ ಹೆಸರು, ಅಷ್ಟೇ. ವಯಸ್ಸಾದ ಒಬ್ಬರು ನಾನು ಹೆಸರು ಓದಿ ಹೇಳಿದಾಗ, ‘ನನ್ನನ್ನು ಹಾಗೆ ಕರೆಯುತ್ತಿದ್ದವರು ಈಗ ಯಾರೂ ಉಳಿದಿಲ್ಲಮ್ಮ’ ಎಂದರು. ಹಿಂದಿನ ಸೀಟಿನವರು ಚಿಲ್ಲರೆಗಾಗಿ ಕೂಗುತ್ತಿದ್ದರು, ನಾನು ಮುಂದೆ ಹೋದೆ.

ಆ ಕಾರ್ಡುಗಳು ಇರುತ್ತಿದ್ದುದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ, ಪಡಿತರ ಚೀಟಿ ಮತ್ತು ಬ್ಯಾಂಕ್ ಪಾಸ್ ಪುಸ್ತಕದ ನಡುವೆ. ಜುಲೈ ಕೊನೆಗೆ, ಮನೆಯ ಯಜಮಾನಿಗೆ ಸರ್ಕಾರ ಹಣ ಕೊಡುವ ಗೃಹಲಕ್ಷ್ಮಿ ಯೋಜನೆಯ ನೋಂದಣಿಯ ಓಡಾಟ ಶುರುವಾದ ಮೇಲಂತೂ ಆ ಕವರ್ ಇಲ್ಲದ ಕೈ ಇರಲಿಲ್ಲ. ಅದೇ ವರ್ಷ ಮೇ 19ಕ್ಕೆ ರಿಸರ್ವ್ ಬ್ಯಾಂಕ್ 2000 ರೂಪಾಯಿ ನೋಟನ್ನು ಹಿಂಪಡೆಯುವುದಾಗಿ ಹೇಳಿತ್ತು. ಮರುವಾರವೇ ನಲವತ್ತು ರೂಪಾಯಿ ಟಿಕೆಟ್ಟಿಗೆ ಗುಲಾಬಿ ನೋಟು ಚಾಚಿದ ಮಹನೀಯರು ಮೂವರು. ಆಗಸ್ಟ್ 30ರಂದು ಮೈಸೂರಿನಲ್ಲಿ ತಿಂಗಳಿಗೆ 2000 ರೂಪಾಯಿಯ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ‘ಅವರ ನೋಟು ಹೋಯಿತು, ನಮ್ಮ ದುಡ್ಡು ಬಂತು’ ಎಂದು ಹೂವಿನವರು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ನಿಮ್ಮ ವಿಶ್ಲೇಷಕರು ಅರ್ಧ ಪುಟದಲ್ಲಿ ಹೇಳಿದ್ದಕ್ಕಿಂತ ಇದು ನನಗೆ ಚೆನ್ನಾಗಿ ಅರ್ಥವಾಯಿತು. (ಎಲ್ಲರಿಗೂ ಸಮಯಕ್ಕೆ ಬಂತೆಂದಲ್ಲ, ಆ ದೂರುಗಳನ್ನೂ ನಾನೇ ಕೇಳಿದ್ದೇನೆ.)

ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತು. ಸೀಟಿನ ಕೆಳಗೆ ತಳ್ಳುತ್ತಿದ್ದ ಚೀಲವನ್ನು ಜನ ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡು ಬಂದರು. ಚಂದ್ರಯಾನ ಇಳಿದ ಸಂಜೆ ಆರು ಗಂಟೆಗೆ ನಾವು ಹಾಸನ ನಿಲ್ದಾಣದಿಂದ ಹೊರಡಬೇಕಿತ್ತು. ಕಾಲೇಜು ಹುಡುಗಿಯೊಬ್ಬಳ ಮೊಬೈಲಿನ ಸುತ್ತ ಹನ್ನೆರಡು ತಲೆ, ಅದರಲ್ಲಿ ಚಾಲಕರದೂ ಒಂದು. ಇಸ್ರೋದ ನಿಯಂತ್ರಣ ಕೇಂದ್ರವೊಂದು ಹಾಸನದಲ್ಲೇ ಇರುವುದರಿಂದ ನಮ್ಮೂರಿನವರಿಗೆ ಉಪಗ್ರಹ ಎಂದರೆ ನೆಂಟರಿದ್ದ ಹಾಗೆ. ಏಳು ನಿಮಿಷ ತಡವಾಗಿ ಹೊರಟೆವು, ಯಾರೂ ಜಗಳ ಮಾಡಲಿಲ್ಲ.

ನಿಮ್ಮ ಪುಟದ ಇನ್ನೊಂದು ಮೂಲೆಯಲ್ಲಿ ಸೆಪ್ಟೆಂಬರ್ 18 ಇದೆ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ದಿನ. ಆಗ ಗೌರಿ-ಗಣೇಶ ಹಬ್ಬ. ನನ್ನ ಬಸ್ಸಿನ ತುಂಬ ತವರಿಗೆ ಹೊರಟ ಹೆಂಗಸರು ಮತ್ತು ಮೊರದ ಬಾಗಿನಗಳು. ಮೊರದ ಮೇಲೆ ಮೊರ ಮುಚ್ಚಿ, ರವಿಕೆ ಕಣದಲ್ಲಿ ಕಟ್ಟಿದ್ದನ್ನು ನೆಲದ ಮೇಲೆ ಇಡುವಂತಿಲ್ಲ, ಕಾಲು ತಗಲುವಂತಿಲ್ಲ. ಟಿಕೆಟ್ ಯಂತ್ರ ಎತ್ತಿ ಹಿಡಿದು ಅಡ್ಡಡ್ಡ ನಡೆದೆ. ಮೂರು ಮಕ್ಕಳ ತಾಯಿಯೊಬ್ಬರು ಆರು ವರ್ಷದ ಮೇಲೆ ಹಬ್ಬಕ್ಕೆ ತವರಿಗೆ ಹೊರಟಿದ್ದರು. ‘ಹೋಗಿ ಬರುವ ಖರ್ಚಿಗೆ ಅವರ ಮುಂದೆ ಕೈಚಾಚಬೇಕಿತ್ತಲ್ಲ ಮೇಡಂ’ ಎಂದರು. ಬೇಲೂರಿನಲ್ಲಿ ಇಳಿದ ಮೇಲೆ ಚೆನ್ನಕೇಶವನ ಸುದ್ದಿ ಹೇಳಿದೆ. ‘ಇಷ್ಟು ದಿನ ಪಟ್ಟಿಯಲ್ಲಿ ಇರಲಿಲ್ಲವೇ?’ ಎಂದು ಕೇಳಿ ಮಕ್ಕಳನ್ನು ಎಳೆದುಕೊಂಡು ಹೋದರು.

ಅಂದಿನ ಬಸ್ಸಿನ ಕಿಟಕಿಯಾಚೆ ಜೋಳ ಬಾಡಿ ನಿಂತಿತ್ತು. ಆಗಸ್ಟ್ ಇಡೀ ಮಳೆ ಕೈಕೊಟ್ಟಿತ್ತು. ವರ್ಷ ಮುಗಿಯುವ ಹೊತ್ತಿಗೆ ರಾಜ್ಯದ 223 ತಾಲ್ಲೂಕುಗಳು ಬರದ ಪಟ್ಟಿಯಲ್ಲಿದ್ದವು. ಆ ಪಟ್ಟಿಯ ಬಗ್ಗೆ ಮಾತ್ರ ಬಸ್ಸಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಹೆಂಗಸರು ಬೆಳಗಿನ ಬಸ್ಸಿಗೆ ಬುತ್ತಿ ಹಿಡಿದು ಹತ್ತುವುದು ಹೆಚ್ಚಾಯಿತು: ಊರಿನಲ್ಲಿ ಕಳೆ ಕೀಳಲು ಬೆಳೆಯೇ ಇಲ್ಲ, ಪಟ್ಟಣದಲ್ಲಿ ಕಟ್ಟಡದ ಕೆಲಸವಿದೆ. ಬಸ್ ಚಾರ್ಜ್ ಕೊಟ್ಟು ಹೋಗಬೇಕಿದ್ದರೆ ಆ ಕೂಲಿಯಲ್ಲಿ ಉಳಿಯುತ್ತಿದ್ದುದು ಎಷ್ಟು ಎಂಬ ಲೆಕ್ಕ ನನಗಿಂತ ಚೆನ್ನಾಗಿ ಅವರೇ ಹೇಳುತ್ತಿದ್ದರು. ‘ಪುಕ್ಕಟೆ ಅಂತ ಊರು ಸುತ್ತುತ್ತಾರೆ’ ಎಂಬ ಪತ್ರಗಳು ಅದೇ ವಾರಗಳಲ್ಲಿ ನಿಮ್ಮ ಇದೇ ಅಂಕಣದಲ್ಲಿ ಬಂದಿವೆ. ಬರೆದವರು ಬೆಳಗಿನ ಮೊದಲ ಬಸ್ ಹತ್ತಿದವರಲ್ಲ.

ಮುಂದಿನ ವರ್ಷ ನಿಮ್ಮ ಛಾಯಾಗ್ರಾಹಕರನ್ನು ಕಳುಹಿಸುವುದಿದ್ದರೆ ಆ ಬಸ್ಸಿಗೇ ಕಳುಹಿಸಿ, ಒಳಗಿನಿಂದ ತೆಗೆಯಲಿ. ಅಡಿಟಿಪ್ಪಣಿಗೆ ಹೆಸರು ಬೇಕಿದ್ದರೆ ಅವರನ್ನೇ ಕೇಳಲಿ, ಈಗ ಹೇಳುತ್ತಾರೆ. ನಿಮ್ಮ ಪತ್ರಿಕೆಯ ಕಟ್ಟುಗಳೂ ಹಳ್ಳಿಗಳಿಗೆ ಹೋಗುವುದು ಅದೇ ಬಸ್ಸಿನಲ್ಲಿ, ಚಾಲಕರ ಸೀಟಿನ ಹಿಂದೆ. ಈ ಪತ್ರ ಅಚ್ಚಾದ ದಿನ ಯಾರಾದರೂ ಒಂದು ಪ್ರತಿಯನ್ನು ಸೀಟಿನ ಮೇಲೆ ಮರೆತು ಇಳಿದರೆ ಓದಿಕೊಳ್ಳುತ್ತೇನೆ.

– ಒಬ್ಬ ಬಸ್ ನಿರ್ವಾಹಕಿ, ಹಾಸನ