ದಪ್ಪ ರೇಡಿಯೇಟರ್ ಒಂದೇ ಸಾಲದು, ಗಾಳಿಗೂ ದಾರಿ ಬೇಕು

ಮಾನ್ಯ ಸಂಪಾದಕರೇ,

ಹಳೆಯ ಸ್ಪೋರ್ಟ್ಸ್ ಕಾರುಗಳ ಎಂಜಿನ್ ಹೀಟ್ ಆಗುವುದರ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನ ಓದಿದೆ. ಮಾಜ್ದಾ ಎಂಎಕ್ಸ್-5ಕ್ಕೆ, ಅಂದರೆ ಅಮೆರಿಕದವರು ಮಿಯಾಟಾ ಎನ್ನುವ ಕಾರಿಗೆ, ಪೂರ್ತಿ ಅಲ್ಯೂಮಿನಿಯಮ್ಮಿನ ದಪ್ಪ ರೇಡಿಯೇಟರ್ ಹಾಕಿಸಿ ಥರ್ಮೋಸ್ಟಾಟ್, ಅಂದರೆ ಎಂಜಿನ್ ಕಾದ ಮೇಲೆ ರೇಡಿಯೇಟರಿನ ದಾರಿ ತೆರೆಯುವ ಕವಾಟ, ಕಿತ್ತುಬಿಟ್ಟರೆ ಆಯಿತು ಎಂಬ ಸಲಹೆ ಅದರಲ್ಲಿತ್ತು. ಮೊದಲನೆಯದು ಅರ್ಧ ಸರಿ, ಎರಡನೆಯದು ಪೂರ್ತಿ ತಪ್ಪು. ಈ ಕಾರು ಭಾರತದಲ್ಲಿ ಮಾರಾಟಕ್ಕೆ ಬರಲಿಲ್ಲ, ನಿಜ. ಆದರೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭಾನುವಾರದ ಸುತ್ತಾಟಕ್ಕೆಂದು ತೊಂಬತ್ತರ ದಶಕದ ಮಿಯಾಟಾ ಇಟ್ಟುಕೊಂಡ ಕನ್ನಡಿಗರು ನಿಮ್ಮ ಪತ್ರಿಕೆಯನ್ನು ಓದುತ್ತಾರೆ. ಅವರು ಆರ್ಡರ್ ಹಾಕುವ ಮೊದಲು ಕೆಲವು ವಿಷಯ ತಿಳಿದಿರಲಿ ಎಂದು ಈ ಪತ್ರ.

1989ರಿಂದ 1997ರವರೆಗೆ ಬಂದ ಮೊದಲ ತಲೆಮಾರಿನ ಕಾರಿನಲ್ಲಿ ರೇಡಿಯೇಟರಿನ ನಡುಭಾಗ ಅಲ್ಯೂಮಿನಿಯಮ್, ಮೇಲಿನ ಕೆಳಗಿನ ತೊಟ್ಟಿ ಪ್ಲಾಸ್ಟಿಕ್. ಹೊಸದರಲ್ಲಿ ಈ ಪ್ಲಾಸ್ಟಿಕ್ ಅಚ್ಚಕಪ್ಪು. ವರ್ಷಗಟ್ಟಲೆ ಬಿಸಿ ತಿಂದು ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿತೆಂದರೆ ಅದರ ಆಯಸ್ಸು ಮುಗಿಯಿತು ಎಂದೇ ಲೆಕ್ಕ. ಸಾಮಾನ್ಯವಾಗಿ ಮೇಲಿನ ತೊಟ್ಟಿ ಉದ್ದಕ್ಕೆ ಸೀಳುತ್ತದೆ, ಅದೂ ಹೆದ್ದಾರಿಯಲ್ಲಿ. ಆದ್ದರಿಂದ ರೇಡಿಯೇಟರ್ ಬದಲಿಸುವುದು ಒಳ್ಳೆಯ ಕೆಲಸವೇ. ಬದಲಿಸಿದರೆ ಎಂಜಿನ್ ಇನ್ನಷ್ಟು ತಣ್ಣಗಾಗುತ್ತದೆ ಎಂಬುದು ಮಾತ್ರ ತಪ್ಪು ಲೆಕ್ಕ. ಎಂಜಿನ್ ಎಷ್ಟು ಡಿಗ್ರಿಯಲ್ಲಿ ಓಡಬೇಕು ಎಂದು ತೀರ್ಮಾನಿಸುವುದು ಸುಮಾರು 88 ಡಿಗ್ರಿಗೆ ತೆರೆದುಕೊಳ್ಳುವ ಥರ್ಮೋಸ್ಟಾಟ್. ದೊಡ್ಡ ರೇಡಿಯೇಟರ್ ಕೊಡುವುದು ಏರು, ಬಿಸಿಲು, ಎಸಿ, ರೇಸ್ ಟ್ರ್ಯಾಕ್ ಎಲ್ಲವೂ ಒಟ್ಟಿಗೆ ಬಂದಾಗ ಕೈಹಿಡಿಯುವ ಹೆಚ್ಚುವರಿ ಶಕ್ತಿಯನ್ನು ಮಾತ್ರ.

ಥರ್ಮೋಸ್ಟಾಟ್ ಕಿತ್ತೆಸೆಯುವುದು ನಮ್ಮೂರಿನ ಗ್ಯಾರೇಜುಗಳ ಹಳೇ ಚಾಳಿ. ಕಿತ್ತರೆ ಎಂಜಿನ್ ಕಾಯಬೇಕಾದಷ್ಟು ಕಾಯುವುದೇ ಇಲ್ಲ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ, ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ, ಪಿಸ್ಟನ್ ರಿಂಗು ಸವೆಯುತ್ತದೆ. ರೇಡಿಯೇಟರ್ ಜೊತೆಗೆ ಹೊಸ ಥರ್ಮೋಸ್ಟಾಟ್, ಅದರ ಗ್ಯಾಸ್ಕೆಟ್, ಮೇಲಿನ ಕೆಳಗಿನ ಎರಡೂ ಹೋಸು (ರಬ್ಬರ್ ಕೊಳವೆ), ಕಂಪನಿಯದೇ ರೇಡಿಯೇಟರ್ ಮುಚ್ಚಳ, ಇವಿಷ್ಟನ್ನೂ ತರಿಸಿಕೊಳ್ಳಿ. ಥರ್ಮೋಸ್ಟಾಟಿನ ಅಂಚಿನಲ್ಲಿ ಅಲ್ಲಾಡುವ ಚಿಕ್ಕ ಪಿನ್ ಇರುತ್ತದೆ. ಜೋಡಿಸುವಾಗ ಅದು ಮೇಲ್ಗಡೆ ಇರಬೇಕು, ಸಿಕ್ಕಿಕೊಂಡ ಗಾಳಿ ಹೊರಬೀಳುವುದು ಅಲ್ಲಿಂದಲೇ.

ಖರ್ಚು ಮಾಡುವ ಮೊದಲು ಕಾಯಿಲೆ ಯಾವುದು ಎಂದು ನೋಡಿ. ಟ್ರಾಫಿಕ್ಕಿನಲ್ಲಿ ನಿಂತಾಗ ಹೀಟ್ ಆಗಿ, ಓಡತೊಡಗಿದ ಮೇಲೆ ಇಳಿದರೆ ತಪ್ಪು ಫ್ಯಾನಿನದು. ಮೊದಲ ತಲೆಮಾರಿನ ಕಾರಿನಲ್ಲಿ ಇಗ್ನಿಷನ್ ಆನ್ ಮಾಡಿ, ಬಾನೆಟ್ ಕೆಳಗಿನ ಡಯಾಗ್ನಾಸಿಸ್ ಡಬ್ಬಿಯಲ್ಲಿ ಟಿಎಫ್ಎ, ಜಿಎನ್‌ಡಿ ಎಂದು ಬರೆದ ಎರಡು ತೂತುಗಳಿಗೆ ತುಂಡು ವೈರ್ ಸೇರಿಸಿದರೆ ಫ್ಯಾನ್ ತಿರುಗಬೇಕು. ತಿರುಗಿದರೆ ಮೋಟರ್ ಸರಿಯಿದೆ, ಬಿಸಿ ಏರಿದಾಗ ಫ್ಯಾನ್ ಹಚ್ಚುವ ಸ್ವಿಚ್ ಕಡೆ ಹುಡುಕಿ. ಊರೊಳಗೆ ಸರಿಯಿದ್ದು ಹೆದ್ದಾರಿಯಲ್ಲಿ ಹೀಟ್ ಆದರೆ ಒಳಗೆ ಕಟ್ಟಿಕೊಂಡ ರೇಡಿಯೇಟರ್, ಇಲ್ಲವೇ ಗಾಳಿ ಕಳ್ಳದಾರಿ ಹಿಡಿದಿದೆ. ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು) ಹೋಗಿರಬಹುದು. ಅದಕ್ಕೆ ಯಾವ ರೇಡಿಯೇಟರೂ ಮದ್ದಲ್ಲ.

ಇನ್ನು ದಪ್ಪದ ವಿಚಾರ. ಮಾರುಕಟ್ಟೆಯಲ್ಲಿ ಸುಮಾರು 36 ಮಿ.ಮೀ.ನಿಂದ 55 ಮಿ.ಮೀ. ದಪ್ಪದವರೆಗೆ ಸಿಗುತ್ತವೆ. ದಪ್ಪ ಹೆಚ್ಚಿದಷ್ಟೂ ಗಾಳಿ ನುಗ್ಗುವುದು ಕಷ್ಟ, ಫ್ಯಾನಿಗೂ ಎಂಜಿನ್ನಿಗೂ ನಡುವಿನ ಜಾಗವೂ ಕಡಿಮೆ. ಜೋರಾಗಿ ಬ್ರೇಕ್ ಹಾಕಿದಾಗ ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ತುಸು ಮುಂದಕ್ಕೆ ಬರುತ್ತದೆ. ಫ್ಯಾನ್ ಮೋಟರಿಗೂ ಎಂಜಿನ್ನಿನ ಬೆಲ್ಟ್ ತಿರುಗಿಸುವ ಪುಲ್ಲಿಗೂ ನಡುವೆ ಹೆಬ್ಬೆರಳು ಸಲೀಸಾಗಿ ಆಡುವಷ್ಟಾದರೂ ಜಾಗ ಇಲ್ಲದಿದ್ದರೆ ಒಂದು ದಿನ ತಾಗುವುದು ಖಂಡಿತ. ರಸ್ತೆಯ ಮೇಲಷ್ಟೇ ಓಡಿಸುವ ಕಾರಿಗೆ 36ರ ಆಸುಪಾಸು ಧಾರಾಳ ಸಾಕು. 55 ಎಂದು ಜಂಬ ಕೊಚ್ಚಿಕೊಳ್ಳಬಹುದು, ಅಷ್ಟೇ. ಆಟೋಮ್ಯಾಟಿಕ್ ಗೇರಿನ ಕಾರಾದರೆ ಕೆಳತೊಟ್ಟಿಯಲ್ಲಿ ಗೇರ್ ಎಣ್ಣೆ ತಣಿಸುವ ಎರಡು ಕೊಳವೆಗೆ ಜಾಗ ಇರುವುದನ್ನೇ ಕೊಳ್ಳಬೇಕು.

ಪಾರ್ಸೆಲ್ ಬಂದ ತಕ್ಷಣ ಹೋಸು ಕೂರುವ ಬಾಯಿಯ ಮೇಲೆ ಬೆರಳಾಡಿಸಿ. ಸುತ್ತಲೂ ಉಬ್ಬಿದ ಏಣು ಸಿಗಬೇಕು. ಅಗ್ಗದ ಮಾಲಿನಲ್ಲಿ ಅದು ಇರುವುದಿಲ್ಲ, ಇದ್ದರೂ ಹೆಸರಿಗೆ ಮಾತ್ರ. ಏಣಿಲ್ಲದ ಬಾಯಿಯಿಂದ ಒತ್ತಡ ಏರಿದಾಗ ಹೋಸು ಕಳಚಿಕೊಳ್ಳುತ್ತದೆ. ಮುಚ್ಚಳ ಕೂರುವ ಕಂಠದ ಆಳವನ್ನು ಹಳೆಯದರ ಜೊತೆ ಅಳೆದು ನೋಡಿ. ಒಂದೆರಡು ಮಿ.ಮೀ. ಹೆಚ್ಚಿದ್ದರೂ ಮುಚ್ಚಳದ ರಬ್ಬರ್ ಒತ್ತಿ ಕೂರದೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸದಾ ಪಕ್ಕದ ಬಾಟಲಿಗೆ ಹರಿಯುತ್ತದೆ. ಸುಮಾರು 0.9 ಬಾರ್ ಒತ್ತಡ ಹಿಡಿಯುವ ಸರಿಯಾದ ಮುಚ್ಚಳವಿದ್ದರೆ ಬರೀ ನೀರು ಕೂಡ 118 ಡಿಗ್ರಿಯವರೆಗೆ ಕುದಿಯದು. ಮುಚ್ಚಳ ಸೋತರೆ ನೂರಕ್ಕೇ ಕುದಿ. ಒಳಗೆ ವೆಲ್ಡಿಂಗ್ ಚೂರುಗಳಿರುತ್ತವೆ, ನೀರು ತುಂಬಿ ಅಲ್ಲಾಡಿಸಿ ಎರಡು ಮೂರು ಸಲ ಚೆಲ್ಲಿ. ಸಾಧ್ಯವಿದ್ದರೆ ಬಾಯಿಗಳನ್ನು ಮುಚ್ಚಿ, ಕೈಪಂಪಿನಲ್ಲಿ 1 ಬಾರ್ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿ.

ಬಿಚ್ಚುವುದು ಪೂರ್ತಿ ತಣ್ಣಗಾದ ಎಂಜಿನ್ನಿನಲ್ಲಿ ಮಾತ್ರ. ಕೂಲೆಂಟ್ ಒಟ್ಟು ಸುಮಾರು 6 ಲೀಟರ್. ಅಗಲವಾದ ಪಾತ್ರೆಯಿಟ್ಟು ಹಿಡಿಯಿರಿ. ಅದು ಸಿಹಿಯಾಗಿರುವುದರಿಂದ ನಾಯಿ ಬೆಕ್ಕು ನೆಕ್ಕುತ್ತವೆ, ನೆಕ್ಕಿದರೆ ಉಳಿಯುವುದು ಕಷ್ಟ. ಅಂಟಿಕೊಂಡ ಹಳೆಯ ಹೋಸನ್ನು ಜಗ್ಗಬೇಡಿ, ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಎಸಿ ಕಂಡೆನ್ಸರ್ (ಎಸಿಯ ಅನಿಲ ತಣಿಸುವ ಜಾಲರಿ) ರೇಡಿಯೇಟರಿನ ಮುಂದೆಯೇ ಇರುತ್ತದೆ, ಅದರ ಪೈಪಿಗೆ ಕೈಹಚ್ಚಬೇಡಿ. ಹೊಸ ರೇಡಿಯೇಟರ್ ಇಳಿಸುವಾಗ ಅದರ ಅಳತೆಗೆ ಕತ್ತರಿಸಿದ ರಟ್ಟನ್ನು ಎರಡೂ ಮುಖಕ್ಕೆ ಟೇಪಿನಿಂದ ಅಂಟಿಸಿದರೆ ಅದರ ತೆಳು ಲೋಹದ ರೆಕ್ಕೆಗಳು ಮಡಚಿಕೊಳ್ಳುವುದಿಲ್ಲ.

ಕೆಳಗಿನ ರಬ್ಬರ್ ಬುಷ್‌ಗಳನ್ನು ಎಸೆಯಬೇಡಿ. ರೇಡಿಯೇಟರ್ ರಬ್ಬರಿನ ಮೇಲೆ ತೇಲುತ್ತಿರಬೇಕು. ಲೋಹಕ್ಕೆ ಲೋಹ ಬಿಗಿದರೆ ಕಾರಿನ ಮೈ ತಿರುಚಿದಾಗಲೆಲ್ಲ ಅದರ ಭಾರ ವೆಲ್ಡಿಂಗಿನ ಮೇಲೆ ಬಿದ್ದು ಮೂಲೆಯಲ್ಲಿ ಬಿರುಕು ಬರುತ್ತದೆ. ಫ್ಯಾನ್ ಹಿಡಿಯುವ 6 ಮಿ.ಮೀ. ಬೋಲ್ಟುಗಳಿಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು, ಹೆಚ್ಚಾದರೆ ಅಲ್ಯೂಮಿನಿಯಮ್ಮಿನ ತಿರುಪಿನ ಎಳೆ ಕಿತ್ತುಹೋಗುತ್ತದೆ. ಹೋಸಿಗೆ ಕಂಪನಿಯವರು ಹಾಕಿದ ಸ್ಪ್ರಿಂಗ್ ಕ್ಲಿಪ್ಪೇ ಒಳ್ಳೆಯದು. ಬಿಸಿಯಾಗಿ ಹಿಗ್ಗಿದರೂ ತಣ್ಣಗಾಗಿ ಕುಗ್ಗಿದರೂ ಅದರ ಹಿಡಿತ ಒಂದೇ ಸಮನೆ. ಸ್ಕ್ರೂ ಕ್ಲಿಪ್ ಹಾಗಲ್ಲ, ಅತಿಯಾಗಿ ಬಿಗಿದರೆ ಹೋಸು ಕತ್ತರಿಸುತ್ತದೆ. ಬೇರೆ ಫ್ಯಾನ್ ಹಾಕಿದ್ದರೆ ಅದನ್ನು ಓಡಿಸಿ, ರೇಡಿಯೇಟರಿನ ಮುಂಭಾಗಕ್ಕೆ ಒಂದು ಹಾಳೆ ಹಿಡಿಯಿರಿ. ಹಾಳೆ ಅಂಟಿಕೊಳ್ಳಬೇಕು. ಹಾರಿಹೋದರೆ ವೈರ್ ಉಲ್ಟಾ ಸೇರಿದೆ.

ಎಲ್ಲರೂ ಕಡೆಗಣಿಸುವುದು ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು. ಎಣ್ಣೆ ಬದಲಿಸುವಾಗ ಬಿಚ್ಚಿದವರು ಮತ್ತೆ ಹಾಕುವುದೇ ಇಲ್ಲ. ಮಿಯಾಟಾ ಮುಂಭಾಗದ ಬಾಯಿಯಿಂದ ಬಂದ ಗಾಳಿ ರೇಡಿಯೇಟರಿನೊಳಗೆ ನುಗ್ಗಬೇಕಾದರೆ ಕೆಳಗೂ ಅಕ್ಕಪಕ್ಕಕ್ಕೂ ತಡೆ ಇರಬೇಕು. ತಟ್ಟೆ ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು ಕೆಳಗಿನಿಂದ ಹೊರಟುಹೋಗುತ್ತದೆ. ಅದನ್ನು ಹಾಕಿ, ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಗೆ ಫೋಮ್ ಪಟ್ಟಿ ಅಂಟಿಸಿದರೆ ಬೀಳುವ ಖರ್ಚು ತೀರಾ ಕಡಿಮೆ, ಹೆದ್ದಾರಿಯಲ್ಲಿ ಕಾಣುವ ಲಾಭವೋ ದೊಡ್ಡದು.

ತುಂಬುವುದಕ್ಕೆ ಡಿಸ್ಟಿಲ್ಡ್ ವಾಟರ್ ಮತ್ತು ಅಲ್ಯೂಮಿನಿಯಮ್ಮಿಗೆ ಹೊಂದುವ ಕೂಲೆಂಟ್ ಸಮಸಮ. ನಲ್ಲಿ ನೀರು, ಬೋರ್‌ವೆಲ್ ನೀರು ಬೇಡವೇ ಬೇಡ, ಅದರ ಉಪ್ಪು ಲೋಹವನ್ನು ತಿನ್ನುತ್ತದೆ. ಟ್ರ್ಯಾಕಿಗೆ ಒಯ್ಯುವವರು ಮೊದಲು ಆಯೋಜಕರನ್ನು ಕೇಳಲಿ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಚೆಲ್ಲಿದರೆ ಜಾರುತ್ತದೆಂದು ಅನೇಕ ಕಡೆ ನಿಷೇಧವಿದೆ. ಕಾರಿನ ಮೂತಿ ಎತ್ತಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆಗೆದೇ ಸ್ಟಾರ್ಟ್ ಮಾಡಿ. ಥರ್ಮೋಸ್ಟಾಟ್ ತೆರೆದಾಗ ಮಟ್ಟ ತಟ್ಟನೆ ಇಳಿಯುತ್ತದೆ, ಮತ್ತೆ ತುಂಬಿ. ಮೇಲಿನ ಹೋಸನ್ನು ಹಿಚುಕುತ್ತಾ ಗುಳ್ಳೆ ನಿಲ್ಲುವವರೆಗೆ ಬಿಟ್ಟರೆ ಏರ್ ಲಾಕ್, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ, ಹೋಗುತ್ತದೆ.

ಕೊನೆಗೊಂದು ಮೀಟರ್ ಪರೀಕ್ಷೆ. ಮಲ್ಟಿಮೀಟರಿನ ಕಪ್ಪು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ತುದಿ ಕೂಲೆಂಟಿನೊಳಗೆ, ಲೋಹಕ್ಕೆ ತಾಗದಂತೆ. ಫ್ಯಾನ್, ದೀಪ, ಎಸಿ ಒಂದೊಂದಾಗಿ ಹಾಕಿ ನೋಡಿ. 0.1 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. 0.3 ದಾಟಿದರೆ ಯಾವುದೋ ಅರ್ಥಿಂಗ್ ಸಡಿಲವಾಗಿ ಕರೆಂಟು ಕೂಲೆಂಟಿನ ಮೂಲಕ ಹರಿಯುತ್ತಿದೆ, ಹೊಸ ರೇಡಿಯೇಟರ್ ಸೂಜಿಮೊನೆಯಷ್ಟು ತೂತು ಬಿದ್ದು ಸೋರತೊಡಗುತ್ತದೆ. ಫ್ಯಾನಿನ ಅರ್ಥ್ ವೈರನ್ನು ರೇಡಿಯೇಟರಿನ ಮೈಗೇ ಬಿಗಿದಿರುವುದನ್ನು ಎಷ್ಟೋ ಕಾರುಗಳಲ್ಲಿ ಕಾಣಬಹುದು. ಅದನ್ನು ಕಾರಿನ ಲೋಹದ ಮೈಗೆ ಬಿಗಿಯಬೇಕು.

ಎಂಜಿನ್ ಶಕ್ತಿ ಹೆಚ್ಚಿಸಲು ಟರ್ಬೊ ಹಾಕಿದವರ ಸಮಸ್ಯೆ ಬೇರೆ. ಈ ಎಂಜಿನ್ ಮೂಲತಃ ಮುಂದಿನ ಚಕ್ರ ಎಳೆಯುವ ಕಾರಿಗೆ ಅಡ್ಡಲಾಗಿ ಕೂರಿಸಿದ್ದು. ಮಿಯಾಟಾದಲ್ಲಿ ಉದ್ದಕ್ಕೆ ತಿರುಗಿಸಿದಾಗ ನೀರು ಒಳಬರುವುದೂ ಹೊರಹೋಗುವುದೂ ಮುಂಭಾಗದಲ್ಲೇ ಆಯಿತು, ಹಿಂದಿನ ನಾಲ್ಕನೇ ಸಿಲಿಂಡರ್ ಹೆಚ್ಚು ಬಿಸಿಯಾಗುತ್ತದೆ. ಅಂಥವರು ನೀರಿನ ಹೊರದಾರಿಯನ್ನು ಹೆಡ್ಡಿನ ಹಿಂಭಾಗಕ್ಕೆ ಬದಲಿಸಬೇಕು. ರೇಡಿಯೇಟರ್ ಎಷ್ಟು ದಪ್ಪವಿದ್ದರೂ ಆ ಕೊರತೆ ತುಂಬುವುದಿಲ್ಲ.

ಥರ್ಮೋಸ್ಟಾಟ್ ಕೀಳಿ ಎಂದ ಸಾಲಿಗೆ ಮುಂದಿನ ವಾರದ ವಾಹನ ಪುಟದಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ