ನಿಮ್ಮ ಕತೆ ಕೊಟ್ಟಿದ್ದಕ್ಕೆ

ಏಳು ವರ್ಷ ಬರೆದ ಕಾದಂಬರಿ ಹೋದ ವಾರ ಅಚ್ಚಾಗಿ ಕೈಗೆ ಬಂತು. ಅಮೆರಿಕಕ್ಕೆ ಬಂದು ನೆಲೆ ಹುಡುಕುವ ನಮ್ಮಂಥವರ ಕತೆ ಅದು. ಮುಖಪುಟದಲ್ಲಿ ಹೆಸರು ನೋಡಿ ಖುಷಿಯಾಯಿತು. ಜೊತೆಗೇ ಆ ಕತೆಗಳನ್ನು ನನಗೆ ಹೇಳಿದವರೆಲ್ಲ ಕಣ್ಣಮುಂದೆ ಬಂದರು.

ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದಿದ್ದು 2011ರಲ್ಲಿ, ಎಚ್‌4 ವೀಸಾ ಮೇಲೆ. ಇಲ್ಲಿ ಕೆಲಸದ ವೀಸಾದಲ್ಲಿರುವವರ ಹೆಂಡತಿ, ಗಂಡ, ಮಕ್ಕಳಿಗೆ ಕೊಡುವ ವೀಸಾ ಅದು. ಆಗ ಈ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಊರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ಇಲ್ಲಿ ಸುಮ್ನೆ ಕೂತೆ. ಗ್ರೀನ್‌ಕಾರ್ಡ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿಯ ಅರ್ಜಿ ಒಂದು ಹಂತ ದಾಟಿದವರ ಹೆಂಡತಿ, ಗಂಡಂದಿರಿಗೆ ಕೆಲಸದ ಅನುಮತಿ ಸಿಗಲು ಶುರುವಾಗಿದ್ದು 2015ರಲ್ಲಿ. ಅಲ್ಲಿಯವರೆಗೆ ನನ್ನನ್ನು ಕಾಪಾಡಿದ್ದು ಪಾರ್ಕಿನ ಗೆಳತಿಯರು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಬ್ಯಾಂಕಿನಲ್ಲಿದ್ದವರು. ಮಕ್ಕಳ ಉಯ್ಯಾಲೆ ತೂಗುತ್ತಾ ನೀವು ಆಡಿದ ಮಾತುಗಳೇ ಕಾದಂಬರಿಯ ಮೊದಲ ಭಾಗ. ನಿಮಗೆ ನನ್ನ ಮೊದಲ ನಮಸ್ಕಾರ.

ಒಬ್ಬ ಅಕ್ಕನ ಋಣ ಮಾತ್ರ ತುಂಬಾ ದೊಡ್ಡದು. ಅವರ ಮಗ ಮೂರು ವರ್ಷದವನಿದ್ದಾಗ ಇಲ್ಲಿಗೆ ಬಂದವನು. ಉದ್ಯೋಗದ ಗ್ರೀನ್‌ಕಾರ್ಡಿನಲ್ಲಿ ಒಂದೊಂದು ದೇಶಕ್ಕೆ ಶೇ. 7ರ ಮಿತಿ ಇದೆ. ಹಾಗಾಗಿ ಭಾರತದವರ ಸಾಲು ಕರಗುವುದೇ ಇಲ್ಲ. ಅಪ್ಪನ ಸರದಿ ಬರುವ ಮೊದಲೇ ಹುಡುಗನಿಗೆ 21 ತುಂಬಿತು, ಅಪ್ಪನ ವೀಸಾದ ಆಸರೆ ಹೋಯಿತು. ಆ ಹುಟ್ಟುಹಬ್ಬಕ್ಕೆ ಅಕ್ಕ ಹೋಳಿಗೆ ಮಾಡುತ್ತಿದ್ದರು. ಕಣಕಕ್ಕೆ ಹೂರಣ ತುಂಬುತ್ತಾ, "ಇವತ್ತು ಅಳಬಾರದು ಅಲ್ವಾ" ಅಂದು ಮೊಣಕೈಯಿಂದ ಕಣ್ಣೊರೆಸಿಕೊಂಡರು. ಇಲ್ಲೇ ಓದಲು ಅವನಿಗೆ ಇನ್ನು ಸ್ಟೂಡೆಂಟ್ ವೀಸಾ ಬೇಕಿತ್ತು. ಅದಕ್ಕೆ, ಓದು ಮುಗಿದ ಮೇಲೆ ವಾಪಸ್ ಹೋಗುತ್ತೇನೆ ಎಂದು ತೋರಿಸಬೇಕು. "ವಾಪಸ್ ಎಲ್ಲಿಗಮ್ಮ?" ಎಂದು ಅವನು ಕೇಳಿದನಂತೆ. ಇದನ್ನು ಬರೆಯಲು ಅಕ್ಕ ಒಪ್ಪಿದರು. ಹೆಸರು ಬದಲಿಸಿದ್ದೇನೆ, ಆ ಪ್ರಶ್ನೆ ಹಾಗೇ ಇದೆ.

ಕರಡು ತಿದ್ದಿದ ಮೈಸೂರಿನ ಮೇಷ್ಟ್ರಿಗೆ ವಂದನೆ. "ಪ್ರಯಾರಿಟಿ ಡೇಟ್ ಅನ್ನುವುದಕ್ಕೆ ಕನ್ನಡ ಹುಡುಕಬೇಡಮ್ಮ, ಜನ ಆಡುವ ಹಾಗೇ ಇರಲಿ" ಅಂದಿದ್ದು ಅವರು. ಗ್ರೀನ್‌ಕಾರ್ಡಿನ ಸಾಲಿನಲ್ಲಿ ನಮ್ಮ ಜಾಗ ಗೊತ್ತುಮಾಡುವ ತಾರೀಖು ಅದು. ಶನಿವಾರಗಳನ್ನೆಲ್ಲ ನನಗೆ ಬಿಟ್ಟುಕೊಟ್ಟು ಮಗಳನ್ನು ಈಜಿಗೆ ಕರೆದುಕೊಂಡು ಹೋದ ನನ್ನವರಿಗೆ, ಸಂಜೆಯವರೆಗೂ ಮೇಜು ಕೊಟ್ಟ ಲೈಬ್ರರಿಗೆ ಕೂಡ.

ಮೊದಲ ಪ್ರತಿಯನ್ನು ಅಕ್ಕನ ಮನೆಗೇ ಹೋಗಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಅವರು ಹುಡುಕಿದ್ದು ಹೋಳಿಗೆಯ ಪುಟವನ್ನೇ.