ಮಡಕೆ ಮಾಡಬಹುದು, ಸುಡುವುದೆಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಉದ್ಯೋಗ ಪುಟದಲ್ಲಿ ಸೆರಾಮಿಕ್ ಕಲೆಯ ಬಗ್ಗೆ ಬಂದ ಲೇಖನವನ್ನು ಕತ್ತರಿಸಿಕೊಂಡು ಪಕ್ಕದ ತೋಟದ ಕಾರ್ಮಿಕರ ಲೈನ್‌ಮನೆಯ ಹುಡುಗಿ ಕಳೆದ ವಾರ ನನ್ನ ಶೆಡ್ಡಿಗೆ ಬಂದಳು. ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. "ಅಕ್ಕಾ, ಇದನ್ನ ಕಲಿತರೆ ನಿಜವಾಗ್ಲೂ ಕೆಲಸ ಸಿಗುತ್ತಾ?" ಅಂತ ಕೇಳಿದಳು. ಕೊಡಗಿನ ಸುಂಟಿಕೊಪ್ಪದ ಹತ್ತಿರ ಹಳೆಯ ಕಾಫಿ ಗೋದಾಮಿನಲ್ಲಿ 11 ವರ್ಷದಿಂದ ಮಣ್ಣು ನಾದುತ್ತಿದ್ದೇನೆ. ಆದರೂ ತಕ್ಷಣ ಉತ್ತರ ಬರಲಿಲ್ಲ. ಕಾಫಿ ಕುಡಿಸಿ ಕಳಿಸಿದೆ. ಆ ಉತ್ತರವನ್ನು ಈಗ ನಿಮಗೆ ಬರೆಯುತ್ತಿದ್ದೇನೆ.

ಲೇಖನದಲ್ಲಿ ತಪ್ಪೇನೂ ಇರಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಸೆರಾಮಿಕ್ ವಿನ್ಯಾಸದ ಕೋರ್ಸ್ ಇದೆ. ಗುಜರಾತಿನ ಮೋರ್ಬಿಯಲ್ಲಿ ಟೈಲ್ಸ್ ಕಾರ್ಖಾನೆಗಳ ಸಾಲೇ ಇದೆ, ಅಲ್ಲಿ ಡಿಸೈನರ್ ಬೇಕಾಗುತ್ತಾರೆ. ಎಲ್ಲ ನಿಜ. ಆದರೆ ಓದಿದವರಿಗೆ ತಿಗರಿ, ಅಂದರೆ ಕುಂಬಾರನ ಚಕ್ರದ ಮೇಲೆ ಕೈಯಿಟ್ಟರೆ ಮುಗೀತು ಅನ್ನಿಸುವ ಹಾಗಿತ್ತು. ಜೊತೆಗಿದ್ದ ಚಿತ್ರದಲ್ಲೂ ಬಿಳಿ ಏಪ್ರನ್ ಹಾಕಿಕೊಂಡ ಒಬ್ಬರು ನಗುತ್ತಿದ್ದರು. ಬಿಳಿ ಏಪ್ರನ್ನಿನಲ್ಲಿ ಮಣ್ಣಿನ ಕೆಲಸ ಮಾಡುವವರನ್ನು ನಾನಂತೂ ಕಂಡಿಲ್ಲ.

ನನ್ನ ಹೊಟ್ಟೆ ತುಂಬಿಸುವುದು ತಿಗರಿಯಲ್ಲ, ತಟ್ಟೆ. ಮಣ್ಣನ್ನು ಹಾಳೆಯ ಹಾಗೆ ಲಟ್ಟಿಸಿ ಅಚ್ಚಿನ ಮೇಲೆ ಕೂರಿಸುವುದು. ಅಕ್ಕಿ ರೊಟ್ಟಿ ಮಾಡಿ ಗೊತ್ತಿರುವ ಕೈಗೆ ಇದು ಬೇಗ ಹತ್ತುತ್ತದೆ. ಕಷ್ಟ ಇರುವುದು ಲೆಕ್ಕದಲ್ಲಿ. ಒಂದು ಹೋಂಸ್ಟೇಯವರು ಕಡಂಬಿಟ್ಟು, ಪಂದಿ ಕರಿ ಬಡಿಸಲು 26 ಸೆಂಟಿಮೀಟರಿನ 40 ತಟ್ಟೆ ಕೇಳಿದ್ದರು. ನಾನು 26ಕ್ಕೇ ಕತ್ತರಿಸಿದೆ. ಸುಟ್ಟು ಹೊರಗೆ ತೆಗೆದಾಗ ಎಲ್ಲವೂ 23 ಆಗಿದ್ದವು. ನಾನು ಬಳಸುವ ಮಣ್ಣು ಒಣಗಿ ಬೇಯುವಷ್ಟರಲ್ಲಿ ನೂರಕ್ಕೆ ಹನ್ನೆರಡರಷ್ಟು ಕುಗ್ಗುತ್ತದೆ. ಹಾಗಾಗಿ ಮೂವತ್ತರ ಹತ್ತಿರ ಕತ್ತರಿಸಬೇಕಿತ್ತು. ಆ 40 ತಟ್ಟೆಯಲ್ಲಿ ಒಂಬತ್ತು ಈಗಲೂ ನಮ್ಮ ಮನೆಯಲ್ಲಿವೆ. ಉಳಿದವು ನೆಂಟರ ಮದುವೆಗಳಲ್ಲಿ ಉಡುಗೊರೆಯಾಗಿ ಹೋದವು.

ಇನ್ನು ನಮ್ಮ ಮಳೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಕೊಡಗಿನಲ್ಲಿ ದೊಣ್ಣೆ ಯಾಕೆ, ಜುಲೈ ತಿಂಗಳು ಸಾಕು. ಮೇಲೆ ಒಣಗಿದಂತೆ ಕಂಡ ಕಪ್ ಒಳಗೆ ಹಸಿ ಇರುತ್ತದೆ. ಸುಡುವ ಗೂಡಿಗಿಟ್ಟು ಬಿಸಿ ಬೇಗ ಏರಿಸಿದರೆ ಆ ನೀರು ಆವಿಯಾಗಿ, ಹೊರಗೆ ಬರಲು ದಾರಿ ಇಲ್ಲದೆ ಕಪ್ಪನ್ನೇ ಒಡೆಯುತ್ತದೆ. ಪಕ್ಕದಲ್ಲಿದ್ದ ಎಂಟು ಹತ್ತು ಕಪ್ಪುಗಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಈಗ ನಾನು ಮಳೆಗಾಲದಲ್ಲಿ ಅಡುಗೆಮನೆಯ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸುತ್ತೇನೆ, ಹಿಂದೆ ಏಲಕ್ಕಿ ಒಣಗಿಸುತ್ತಿದ್ದ ಜಾಗ. ಆಮೇಲೆ ಗೂಡಿನಲ್ಲಿ ಒಂದು ರಾತ್ರಿ ಪೂರ್ತಿ 90 ಡಿಗ್ರಿ ದಾಟಲು ಬಿಡುವುದಿಲ್ಲ. ಬಿಸಿಲು ಬಂದ ಮೇಲೆ ಒಣಗಿಸೋಣ ಅಂದರೆ ಆಗ ಕಣದಲ್ಲಿ ಕಾಫಿ ಹರಡಿರುತ್ತಾರೆ. ಕಾಫಿ ಬಿಟ್ಟು ಕಪ್ಪಿಗೆ ಯಾರು ಜಾಗ ಕೊಡುತ್ತಾರೆ?

ಇಷ್ಟೆಲ್ಲ ಹೇಳಿ ಆ ಹುಡುಗಿಯನ್ನು ಹೆದರಿಸುವ ಉದ್ದೇಶ ನನಗಿಲ್ಲ. ಗ್ಲೇಜಿಗೆ, ಅಂದರೆ ಪಾತ್ರೆ ಮೇಲೆ ಕರಗಿ ಗಾಜಾಗುವ ಲೇಪಕ್ಕೆ, ಬೇರೆಯವರಿಗೆ ಸಿಗದ ಸಾಮಾನು ನಮ್ಮ ಹಿತ್ತಿಲಲ್ಲೇ ಇದೆ. ಕಾಫಿ ಗಿಡದಿಂದ ಸವರಿ ತೆಗೆದ ಕೊಂಬೆ ಸುಟ್ಟ ಬೂದಿ, ಭತ್ತದ ಹೊಟ್ಟಿನ ಬೂದಿ, ತೋಟದ ಕೆಂಪು ಮಣ್ಣು. ಕಟ್ಟಿಗೆ ಬೂದಿಯಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಕರಗಿಸುತ್ತದೆ. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಜಾಸ್ತಿ, ಅದು ಗಾಜಾಗುತ್ತದೆ. ಬೂದಿ ಅರ್ಧ, ಮಣ್ಣು ಅರ್ಧ ಕಲಸಿ ಹಚ್ಚಿ 1,250 ಡಿಗ್ರಿಗೆ ಸುಟ್ಟರೆ ಬೆಲ್ಲದ ಪಾಕದಂಥ ಕಂದು ಬಣ್ಣ ಬರುತ್ತದೆ. ಗ್ಯಾಸ್ ಗೂಡಿನಲ್ಲಿ ಗಾಳಿ ಕಡಿಮೆ ಮಾಡಿ ಹೊಗೆಯಾಡಿಸಿದರೆ, ಕಬ್ಬಿಣ ಕಡಿಮೆ ಇರುವ ಮಣ್ಣಿನಲ್ಲಿ ಹಸಿರಿಗೂ ತಿರುಗುತ್ತದೆ. ಬೂದಿ ಸೋಸುವಾಗ ಕೈಗವಸು ಮರೆಯಬಾರದು. ಅದರ ಕ್ಷಾರಕ್ಕೆ ನನ್ನ ಬೆರಳು ಸುಲಿದಿವೆ. ಬೆಂಗಳೂರಿನ ಗಿರಾಕಿಗಳು ಈ ಕಂದು ಬಣ್ಣದ ಕಪ್ಪಿಗೆ 450 ರೂಪಾಯಿ ಕೊಡುತ್ತಾರೆ. ಬಿಳಿ ಕಪ್ಪಿಗೆ ಚೌಕಾಸಿ ಮಾಡುತ್ತಾರೆ.

ಇನ್ನೊಂದು ಮಾತು ಲೇಖನದಲ್ಲಿ ಇರಲೇಬೇಕಿತ್ತು. ತಿನ್ನುವ ಪಾತ್ರೆಗೆ ಸೀಸ ಇರುವ ಗ್ಲೇಜ್ ಹಚ್ಚಬಾರದು. ಹುಳಿ ತಾಗಿದರೆ ಸೀಸ ಊಟಕ್ಕೆ ಇಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಅಡುಗೆಗೆ ಕಾಚಂಪುಳಿ, ಅಂದರೆ ಹಣ್ಣಿನ ರಸ ಕುದಿಸಿ ಮಾಡಿದ ಗಟ್ಟಿ ಹುಳಿ, ಬೇಕೇ ಬೇಕು, ಅಲ್ವಾ? ಪ್ರಯೋಗಾಲಯದಲ್ಲಿ ನೂರಕ್ಕೆ 4ರಷ್ಟು ಅಸಿಟಿಕ್ ಆಮ್ಲ ತುಂಬಿ 24 ಗಂಟೆ ಇಟ್ಟು, ಅದರಲ್ಲಿ ಎಷ್ಟು ಸೀಸ ಇಳಿದಿದೆ ಎಂದು ನೋಡುತ್ತಾರೆ. ಮನೆಯಲ್ಲಿ ನಾನು ಕಾಚಂಪುಳಿಯನ್ನೇ ಹಾಕಿ ಒಂದು ರಾತ್ರಿ ಇಡುತ್ತೇನೆ. "ಊಟಕ್ಕೆ ಸುರಕ್ಷಿತ" ಅಂತ ಒಬ್ಬ ವ್ಯಾಪಾರಿ ಮಾರಿದ ರೆಡಿಮೇಡ್ ಗ್ಲೇಜ್ ಬೆಳಗಾಗುವಷ್ಟರಲ್ಲಿ ಮಂಕಾಗಿತ್ತು. ಇಡೀ ಚೀಲ ಎಸೆದೆ. ಮಂಕಾಗದಿದ್ದರೂ ಸೀಸ ಇಲ್ಲ ಅನ್ನಲು ಬರುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಆದರೆ ಮಂಕಾದರೆ ಮಾರಬಾರದು ಅನ್ನುವುದಂತೂ ಖಾತ್ರಿ.

ಕೆಲಸ ಸಿಗುತ್ತಾ ಅನ್ನುವ ಪ್ರಶ್ನೆಗೆ ಬರುತ್ತೇನೆ. ಕೆಲಸ ಇದೆ. ಹೋಂಸ್ಟೇ, ರೆಸಾರ್ಟ್, ಕಾಫಿ ಮಾರುವ ಹೊಸ ಅಂಗಡಿಗಳು, ಗೋಡೆಗೆ ಟೈಲ್ಸ್ ಚಿತ್ರ ಕೇಳುವವರು, ಮಕ್ಕಳಿಗೆ ಕಲಿಸಿ ಅನ್ನುವ ಶಾಲೆಗಳು. ಕಲೆಯಾಗಿಯೇ ಮಾಡುವವರಿಗೆ 2018ರಲ್ಲಿ ಜೈಪುರದಲ್ಲಿ, 2024ರಲ್ಲಿ ದೆಹಲಿಯಲ್ಲಿ ನಡೆದ ಇಂಡಿಯನ್ ಸೆರಾಮಿಕ್ಸ್ ಟ್ರೈನಾಲೆಯಂಥ ದೊಡ್ಡ ಪ್ರದರ್ಶನವೂ ಇದೆ. ಪುದುಚೇರಿಯಲ್ಲಿ 1971ರಲ್ಲಿ ಶುರುವಾದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರು ದೇಶದ ಎಷ್ಟೋ ಕಡೆ ಸ್ಟುಡಿಯೋ ಮಾಡಿದ್ದಾರೆ. ನನಗೆ ಕಲಿಸಿದವರೂ ಅಲ್ಲಿಂದಲೇ ಬಂದವರು. ಕೆಲಸ ಇಲ್ಲ ಅನ್ನುವುದು ಸುಳ್ಳು.

ಇಲ್ಲದಿರುವುದು ಗೂಡು. ಹಿಂದಿನವರು ಆವಿಗೆ ಅನ್ನುತ್ತಿದ್ದರು, ಸ್ಟುಡಿಯೋದವರು ಕಿಲ್ನ್ ಅನ್ನುತ್ತಾರೆ. ಮಣ್ಣು ನೂರು ರೂಪಾಯಿಯದ್ದು, ಗೂಡು ಲಕ್ಷದ್ದು. ನನಗೆ ಎಂಟು ವರ್ಷದ ಹಿಂದೆಯೇ 2 ಲಕ್ಷ 40 ಸಾವಿರ ಆಯಿತು, ಅದೂ ಅಮ್ಮನ ಬಳೆ ಅಡವಿಟ್ಟು. ಅದಕ್ಕೂ ಮೊದಲ ಮೂರು ವರ್ಷ ಹಸಿ ಕಪ್ಪುಗಳನ್ನು ಹುಲ್ಲಿನಲ್ಲಿ ಸುತ್ತಿ ಬಸ್ಸಿನಲ್ಲಿ ಮೈಸೂರಿಗೆ ಒಯ್ಯುತ್ತಿದ್ದೆ. ಪಿರಿಯಾಪಟ್ಟಣ, ಹುಣಸೂರು ದಾಟುವಷ್ಟರಲ್ಲಿ 30 ಇದ್ದದ್ದು 19 ಆದ ದಿನವೂ ಇದೆ. ಕಂಡಕ್ಟರ್ ಕೊನೆಕೊನೆಗೆ ನನ್ನ ಬುಟ್ಟಿಗೇ ಒಂದು ಸೀಟು ಬಿಡುತ್ತಿದ್ದರು, ಪುಣ್ಯಾತ್ಮ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿ, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ. ಒಳ್ಳೆಯದೇ. ಆದರೆ ಅದು ಮನೆತನದ ಕಸುಬು ಮಾಡುತ್ತಿರುವವರಿಗೆ. ಈಗಷ್ಟೇ ಕಲಿಯಲು ಹೊರಟ ಲೈನ್‌ಮನೆಯ ಹುಡುಗಿಗಲ್ಲ. ಅವಳಿಗೆ ಸಾಲ ಬೇಕಿಲ್ಲ, ತಿಂಗಳಿಗೆ ಎರಡು ಸಲ ಗೂಡಿನಲ್ಲಿ ಒಂದು ಹಲಗೆಯಷ್ಟು ಜಾಗ ಸಾಕು.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಜಿಲ್ಲೆಗೆ ಒಂದು ಸಾಮೂಹಿಕ ಗೂಡು ಬೇಕು. ಕುಶಾಲನಗರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಎಂಜಿನಿಯರಿಂಗ್ ಕಾಲೇಜೂ ಇದೆ. ಎಲ್ಲಾದರೂ ಒಂದು ಶೆಡ್, ತ್ರೀ ಫೇಸ್ ಕರೆಂಟು, ಉರಿ ನೋಡಿಕೊಳ್ಳಲು ಸಂಬಳದ ಮೇಲೆ ಒಬ್ಬರು. ಆ ಒಬ್ಬರು ಮಾತ್ರ ಗಟ್ಟಿ ಇರಬೇಕು. ಗೂಡು ಆರುವ ಮೊದಲೇ ಬಾಗಿಲು ತೆಗೆಯಿರಿ ಅಂತ ಎಲ್ಲರೂ ಪೀಡಿಸುತ್ತಾರೆ. ಆರುವಾಗ 573 ಡಿಗ್ರಿ ಹತ್ತಿರ ಮಣ್ಣಿನಲ್ಲಿರುವ ಬೆಣಚು (ಕ್ವಾರ್ಟ್ಜ್) ಒಮ್ಮೆಲೇ ಕುಗ್ಗುತ್ತದೆ, ಆಗ ತಣ್ಣನೆ ಗಾಳಿ ಹೊಡೆದರೆ ತಟ್ಟೆ ಟಣ್ ಅಂತ ಸೀಳುತ್ತದೆ. ಹಲಗೆಗೆ ಇಷ್ಟು ಅಂತ ಬಾಡಿಗೆ ಇಟ್ಟರೆ ಗ್ಯಾಸು, ಕರೆಂಟಿನ ಖರ್ಚಾದರೂ ಹುಟ್ಟುತ್ತದೆ. ಜಿಲ್ಲಾ ಪಂಚಾಯಿತಿಯವರ ಕಿವಿಗೆ ಬೀಳುವಂತೆ ನೀವು ಒಂದೆರಡು ಸಾಲು ಬರೆದರೆ ಉಪಕಾರ.

ಅಂಥದ್ದು ಶುರುವಾದರೆ ನನ್ನ ಹತ್ತಿರ ಹೆಚ್ಚಿಗೆ ಇರುವ ನಾಲ್ಕು ಗೂಡಿನ ಹಲಗೆ ಕೊಡುತ್ತೇನೆ. ಒಂದಕ್ಕೆ ಸಣ್ಣ ಬಿರುಕಿದೆ, ಕಪ್ಪುಗಳಿಗಾದರೆ ತಡೆಯುತ್ತದೆ.

ಇಂತಿ,
ಸುಂಟಿಕೊಪ್ಪದ ನಿಮ್ಮ ಓದುಗರಲ್ಲೊಬ್ಬಳು